ಒಮಾನಿನ ಕಕ್ಕಿಂಜೆ

ಫಾರ್ಮಲಿನ್ ವಾಸನೆಗೆ ನನ್ನ ಮೂಗು ಎಂದೋ ಒಗ್ಗಿಹೋಗಿದೆ. ಪ್ರಾಣಿಶಾಸ್ತ್ರ ಕಲಿಸುವವಳಿಗೆ ಅದು ಒಗ್ಗರಣೆ ವಾಸನೆಯಷ್ಟೇ ಸಹಜ. ಆದರೆ ಕಳೆದ ತಿಂಗಳು ಮೂಡುಬಿದಿರೆಯ ಆ ಕಾಲೇಜಿನ ಮೆಟ್ಟಿಲು ಹತ್ತುವಾಗ, ಫಾರ್ಮಲಿನ್ ಜೊತೆಗೆ ಮಕ್ಕಳ ಒದ್ದೆ ಕೊಡೆಗಳ ಮುಗ್ಗಲು ವಾಸನೆಯೂ ಸೇರಿ ಮೂಗಿಗೆ ಬಡಿದದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಒಂದು ಮಳೆಗಾಲವಿಡೀ ನಾನು ಇದೇ ವಾಸನೆಯಲ್ಲಿ ಸಿಟ್ಟು ನುಂಗಿಕೊಂಡು ಓಡಾಡಿದವಳು. ಈಗ ಬೆಳ್ತಂಗಡಿ ಕಡೆಯ ಒಂದು ಕಾಲೇಜಿನಲ್ಲಿದ್ದೇನೆ. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕಿಯಾಗಿ ಇಲ್ಲಿಗೇ ಹಾಕಿದರು. ಬೇರೆ ಯಾರನ್ನಾದರೂ ಕಳಿಸಿ ಎಂದು ಕೇಳಿಕೊಂಡಿದ್ದೆ, ಯಾರೂ ಸಿಗಲಿಲ್ಲವಂತೆ.

ವಿಭಾಗದ ಎದುರಿನ ಗಾಜಿನ ಕಪಾಟು ಇನ್ನೂ ಅಲ್ಲೇ ಇದೆ. ನೋಡಬಾರದು ಎಂದುಕೊಂಡೇ ಹೋದೆ, ನೋಡಿದೆ. ನಡುವಿನ ಹಲಗೆಯ ಮೇಲೆ ಅಂಗೈ ಅಗಲದ ಬೂದು ಬಣ್ಣದ ಕಲ್ಲಿನ ಚಪ್ಪಟೆ ಹಲ್ಲೆ. ಅದರ ಕೆಳಗೆ ಟೈಪ್ ಮಾಡಿದ ಚೀಟಿ: 'ಪ್ರಾಚೀನ ಕಂಟಕಚರ್ಮಿಯ ಪಳೆಯುಳಿಕೆ. ಸ್ಥಳ: ಕಕ್ಕಿಂಜೆ, ಬೆಳ್ತಂಗಡಿ ತಾಲೂಕು.' ಚೀಟಿಯ ಕೊನೆಯ ಸಾಲಿನ ಮೇಲೆ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿದ್ದಾರೆ. ಆ ಪಟ್ಟಿಯ ಅಡಿಯಲ್ಲಿ ಇರುವುದು ನನ್ನ ಮಾವನ ಹೆಸರು, ಆ ಕಲ್ಲನ್ನು ಕೊಟ್ಟವರ ಹೆಸರು. ಇಡೀ ಚೀಟಿಯಲ್ಲಿ ಸುಳ್ಳು ಎಂದರೆ ಆ ಊರಿನ ಹೆಸರು. ಅದನ್ನು ಹಾಗೇ ಉಳಿಸಿಕೊಂಡು ನಿಜವಾದ ಹೆಸರಿಗೆ ಅಂಟು ಬಳಿದಿದ್ದಾರೆ. ಪಿತ್ತ ನೆತ್ತಿಗೇರಿತು.

ಕಕ್ಕಿಂಜೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಅಲ್ಲಿಯ ನೆಲದಲ್ಲಿ ಇಂಥ ಕಡಲಜೀವಿಯ ಪಳೆಯುಳಿಕೆ ಸಿಗುವುದೆಂದರೆ ಹಲಸಿನ ಮರದಲ್ಲಿ ಬಂಗುಡೆ ಮೀನು ಸಿಕ್ಕಿದ ಹಾಗೆ. ಆದರೂ ಆ ಚೀಟಿಯಲ್ಲಿ ಕಕ್ಕಿಂಜೆ ಬಂದು ಕೂತದ್ದಕ್ಕೆ ಒಂದು ಕಾರಣವಿದೆ. ಆ ಕಾರಣ ನಮ್ಮ ಮನೆಯದ್ದೇ.

ಶೀನ ಮಾವ ಅಮ್ಮನ ತಮ್ಮ. ಮದುವೆಯಾಗಲಿಲ್ಲ. ಒಮಾನಿನಲ್ಲಿ ರಸ್ತೆ ಕಡಿಯುವ ಕಂಪೆನಿಯೊಂದರಲ್ಲಿ ಡೋಜರ್ ಓಡಿಸುತ್ತಲೇ ತಲೆಗೂದಲು ಬೆಳ್ಳಗಾಗಿಸಿಕೊಂಡವರು. ಸಿದ್ಧಕಟ್ಟೆ ಪೇಟೆಯಿಂದ ತುಸು ಆಚೆ, ಮೂಡುಬಿದಿರೆ ಬಸ್ಸು ಹೋಗುವ ರಸ್ತೆಗೆ ತಾಗಿಕೊಂಡು ಟೆರೇಸ್ ಮನೆ ಕಟ್ಟಿಸಿ, ಗೇಟಿನ ಕಂಬದ ಮೇಲೆ ಅಮ್ಮನ ಹೆಸರು ಕೆತ್ತಿಸಿದ್ದರು. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಅಲ್ಲೇ ಇದ್ದೆವು. ಮಾವ ರಜೆಯಲ್ಲಿ ಬಂದರೆ ತಮ್ಮದೇ ಮನೆಯಲ್ಲಿ ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು.

ಆ ವರ್ಷ ಮೇ ತಿಂಗಳಲ್ಲಿ ಕೆಲಸ ಬಿಟ್ಟು ಪೂರ್ತಿಯಾಗಿ ಊರಿಗೆ ಬಂದರು. ಹಿಂದಿನಿಂದಲೇ ಕಾರ್ಗೋದಲ್ಲಿ ಅವರ ಪೆಟ್ಟಿಗೆಯೂ ಬಂತು. ಇಳಿಸಲು ನಾಲ್ಕು ಜನ ಬೇಕಾದರು. ಅಕ್ಕಪಕ್ಕದವರು ಬೇಲಿಯಾಚೆ ನಿಂತು ಕತ್ತು ಉದ್ದ ಮಾಡಿದರು. ಅಮ್ಮ ಕತ್ತಿಯಿಂದ ಹಗ್ಗ ಕೊಯ್ದು ಕಂಬಳಿ ಸರಿಸಿದರೆ ಒಳಗೆ ಕಲ್ಲು. ಒಂದೊಂದನ್ನೂ ಹಳೆಯ ಬನಿಯನ್ ತುಂಡಿನಲ್ಲಿ ಸುತ್ತಿ ಇಟ್ಟಿದ್ದರು.

"ಗಲ್ಫಿನಿಂದ ಬಂದವರು ಬಂಗಾರ ತರ್ತಾರೆ, ನಮ್ಮವ ಕಲ್ಲು ತಂದ. ಸಿದ್ಧಕಟ್ಟೆಯಲ್ಲಿ ಕಲ್ಲಿಗೆ ಬರಗಾಲವಾ ಶೀನಾ?" ಎಂದು ಅಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು. ಮನೆಯ ಹಿಂದೆಯೇ ಕೆಂಪು ಮುರಕಲ್ಲು ಕಡಿಯುವ ಗಣಿ ಇದ್ದುದರಿಂದ ಬೇಲಿಯಾಚೆಯವರಿಗೂ ಆ ಮಾತು ರುಚಿಸಿತು. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ.

ಎಲ್ಲರೂ ಹೋದ ಮೇಲೆ ಮಾವ ನನ್ನನ್ನು ಕರೆದು ಒಂದು ಕಲ್ಲು ಕೈಯಲ್ಲಿಟ್ಟರು. ಒಡೆದ ತೆಂಗಿನಕಾಯಿಯ ಹೋಳಿಗಿಂತ ಚಿಕ್ಕದು, ಹೃದಯದ ಆಕಾರ, ಬೆನ್ನ ಮೇಲೆ ಐದೆಸಳಿನ ಹೂವು ಕೊರೆದ ಹಾಗೆ ಗುರುತು. ಡೋಜರಿನ ಬಾಯಿಗೆ ಸಿಕ್ಕ ಮಣ್ಣಿನಲ್ಲಿ ಇಂಥದ್ದು ಬಿದ್ದಾಗಲೆಲ್ಲ ಇಳಿದು ಹೆಕ್ಕುತ್ತಿದ್ದರಂತೆ. "ನೀನು ಪ್ರಾಣಿಗಳ ಪಾಠ ಮಾಡುವವಳಲ್ಲವಾ, ಇದನ್ನು ಯಾರು ಕೆತ್ತಿದ್ದು ಅಂತ ಹೇಳು ಮಗಾ" ಎಂದರು.

ನಾನು ಅದನ್ನು ಬೆಳಕಿಗೆ ಹಿಡಿದೆ. ಕಾಲೇಜಿನಲ್ಲಿ ಸೀ ಅರ್ಚಿನ್ ಎಂದರೆ ನಾನು ತೋರಿಸುತ್ತಿದ್ದದ್ದು ಬಾಟಲಿಯೊಳಗೆ ಮುಳ್ಳುದುರಿ ಬೋಳಾದ ಒಂದೇ ಒಂದು ಮಾದರಿ. ಮಕ್ಕಳಿಗೆ ಅರ್ಥವಾಗಲಿ ಎಂದು ಮುಳ್ಳುಚೆಂಡು ಎಂದು ನಾನೇ ಹೆಸರಿಟ್ಟಿದ್ದೆ. ಇಲ್ಲಿ ನೋಡಿದರೆ ಪೆಟ್ಟಿಗೆ ತುಂಬ ಅದೇ, ಕಲ್ಲಾಗಿ ಕೂತಿದೆ. ಯಾರೂ ಕೆತ್ತಿದ್ದಲ್ಲ ಮಾವ, ಇದು ಕಡಲ ತಳದ ಮರಳೊಳಗೆ ಹುದುಗಿ ಬದುಕುತ್ತಿದ್ದ ಜೀವ, ಈ ಹೂವಿನೆಸಳಿನ ತೂತುಗಳಿಂದಲೇ ಉಸಿರಾಡುತ್ತಿತ್ತು ಎಂದೆ. ಮಾವ ಆ ಕಲ್ಲನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು ತುಂಬ ಹೊತ್ತು ನೋಡಿದರು. ಮತ್ತೆ ಅದನ್ನು ನೆಲದಲ್ಲಿಡದೆ ದಿಂಬಿನ ಮೇಲೆ ಇಟ್ಟರು.

ಜೂನಿನ ಮಳೆ ಹಿಡಿಯಿತು. ಬಸ್ಸಿಳಿದು ಮನೆಗೆ ಬಂದರೆ ಜಗಲಿಯಲ್ಲಿ ಮಾವ ಕಲ್ಲು ಹರಡಿ ಕಾಯುತ್ತಿದ್ದರು. ನಾನು ಕಾಲು ತೊಳೆದು ಚಾ ಕುಡಿಯುವಷ್ಟೂ ತಾಳ್ಮೆ ಇಲ್ಲ. ಈ ಜಾತಿ ಯಾವಾಗ ಶುರುವಾದದ್ದು? ಮೊದಲಿನವು ಹೇಗಿದ್ದವು? ಇಷ್ಟು ಆಸೆಯಿಂದ ಕೇಳಿಸಿಕೊಂಡ ವಿದ್ಯಾರ್ಥಿ ನನಗೆ ಹಿಂದೆಯೂ ಸಿಕ್ಕಿರಲಿಲ್ಲ, ಮುಂದೆಯೂ ಸಿಕ್ಕಿಲ್ಲ.

ನಾನು ಹೇಳುತ್ತಿದ್ದೆ. ಮುಳ್ಳುಚೆಂಡುಗಳ ಮೊದಲ ಗುರುತು ಸಿಗುವುದು ಸುಮಾರು ನಲವತ್ತೈದು ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ. ಆದರೆ ಇಡಿಯಾಗಿ ಸಿಗುವುದು ಅಪರೂಪ. ಯಾಕೆಂದರೆ ಆಗಿನವುಗಳ ಚಿಪ್ಪಿನ ಬಿಲ್ಲೆಗಳು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿರಲಿಲ್ಲ, ನಮ್ಮ ಹಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಸುಮ್ಮನೆ ಒರಗಿಕೊಂಡಿದ್ದವು. ಜೀವ ಹೋಗಿ ಚರ್ಮ ಕೊಳೆತ ಕೂಡಲೇ ಎಲ್ಲ ಚೆಲ್ಲಾಪಿಲ್ಲಿ. ಅಲ್ಲೊಂದು ಮುಳ್ಳು, ಇಲ್ಲೊಂದು ಬಿಲ್ಲೆ, ಅಷ್ಟೇ ಕಲ್ಲಿನಲ್ಲಿ ಉಳಿಯುವುದು. ಆಮೇಲೆ ಇಪ್ಪತ್ತೈದು ಕೋಟಿ ವರ್ಷಗಳ ಹಿಂದೆ ಕಡಲಿಗೆ ಕಡಲೇ ಸತ್ತಂಥ ಒಂದು ಮಹಾಮರಣ ಬಂತು. ಮುಳ್ಳುಚೆಂಡುಗಳಲ್ಲಿ ಒಂದೆರಡು ವಂಶ ಮಾತ್ರ ದಾಟಿ ಈಚೆ ಬಂದವು. ಇಂದು ಇರುವುದೆಲ್ಲ ಅವುಗಳ ಸಂತಾನ. ಬಿಲ್ಲೆಗಳು ಗಟ್ಟಿಯಾಗಿ ಬೆಸೆದುಕೊಂಡದ್ದು, ಕೆಲವು ಮರಳೊಳಗೆ ಇಳಿದು ಹೃದಯದ ಆಕಾರ ಪಡೆದದ್ದು, ಬೆನ್ನ ಮೇಲೆ ಹೂವು ಮೂಡಿದ್ದು, ಎಲ್ಲ ಅದರ ನಂತರದ ಕತೆ.

ಮಾವ ಎದ್ದು ಒಳಗೆ ಹೋಗಿ ಒಂದು ಹಲ್ಲೆ ತಂದರು. ಅದರಲ್ಲಿ ಹೂವಿಲ್ಲ, ಆಕಾರವಿಲ್ಲ. ಸಣ್ಣಸಣ್ಣ ಬಿಲ್ಲೆಗಳೂ ಮುಳ್ಳುಗಳೂ ಗಾಳಿಗೆ ಹಾರಿದ ಹಂಚಿನ ಚೂರುಗಳ ಹಾಗೆ ಚೆಲ್ಲಿದ್ದವು. ಚಂದವಿಲ್ಲ ಎಂದು ಪೆಟ್ಟಿಗೆಯ ಅಡಿಗೆ ಹಾಕಿದ್ದರಂತೆ. "ಚೆಲ್ಲಾಪಿಲ್ಲಿ ಅಂದೆಯಲ್ಲ, ಇದಾ?" ಎಂದು ಕೇಳಿದರು.

ಅದೇ ಇರಬಹುದು ಎಂದೆ. ಫೋಟೋ ತೆಗೆದು, ಇಂಥವನ್ನೇ ಜೀವಮಾನವಿಡೀ ನೋಡಿದ ದೂರದೂರಿನ ಹಿರಿಯ ವಿಜ್ಞಾನಿಯೊಬ್ಬರಿಗೆ ಕಳಿಸಿದೆ. ಅವರ ಉತ್ತರ ಚುಟುಕಾಗಿತ್ತು. ಹಳೆಯ ಬಗೆಯದ್ದೇ ಕಾಣುತ್ತದೆ, ಮಹಾಮರಣದ ಆಸುಪಾಸಿನದ್ದಾಗಿದ್ದರೆ ಬಹಳ ಬೆಲೆಯುಳ್ಳದ್ದು, ಆದರೆ ಯಾವ ಜಾಗದ ಯಾವ ಪದರದ್ದು ಎಂದು ತಿಳಿಯದೆ ಒಂದು ಮಾತೂ ಹೇಳಲಾರೆ, ಜಾಗ ಹೇಳಿ. ಪಳೆಯುಳಿಕೆಗೆ ಜಾಗವೇ ಜಾತಕ. ಜಾಗ ಕಳೆದುಕೊಂಡರೆ ಅದು ಬರೀ ಕಲ್ಲು, ಬಟ್ಟೆ ಒಗೆಯಲಿಕ್ಕೂ ಆಗದಷ್ಟು ಚಿಕ್ಕ ಕಲ್ಲು.

ಹಲ್ಲೆಯನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಕಪ್ಪು ಪೈಂಟಿನಲ್ಲಿ ದುಂಡಗಿನ ಕನ್ನಡ ಅಕ್ಷರ: ಕಕ್ಕಿಂಜೆ. ಬೇರೆ ಕಲ್ಲುಗಳನ್ನೂ ತಿರುಗಿಸಿದೆ. ಕೊಕ್ಕಡ. ಸಿದ್ಧಕಟ್ಟೆ. ಮತ್ತೆ ಕೊಕ್ಕಡ. ಇದೆಂಥದು ಮಾವ ಎಂದರೆ ನಾಚಿಕೊಂಡು ನಕ್ಕರು.

ಒಮಾನಿನಲ್ಲಿ ಅವರ ಜೊತೆಗಿದ್ದವರೆಲ್ಲ ನಮ್ಮ ಕಡೆಯವರೇ. ಅಡುಗೆಯ ಹಮೀದಾಕ ಬಂಟ್ವಾಳದವರು. ಅಲ್ಲಿಯ ಊರಿನ ಹೆಸರುಗಳು ಇವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಡೇರೆ ಹಾಕಿದ ಒಂದೊಂದು ಜಾಗಕ್ಕೂ ಇವರೇ ನಾಮಕರಣ ಮಾಡಿದರು. ಮೊದಲು ನೀರು ಸಿಕ್ಕಿದ ಜಾಗ ಸಿದ್ಧಕಟ್ಟೆ. ಎತ್ತ ನೋಡಿದರೂ ಒಂದು ವಾಹನ ಕಾಣದ ಜಾಗ ಕೊಕ್ಕಡ. ಘಾಟಿ ಹತ್ತುವ ಮೊದಲು ಎತ್ತರದ ಬೋಳು ಗುಡ್ಡದ ಬುಡದಲ್ಲಿ ಡೇರೆ ಹಾಕಿದ ಜಾಗ ಕಕ್ಕಿಂಜೆ. "ಅಲ್ಲಿ ಸಂಜೆಯಾದ್ರೆ ಗುಡ್ಡದ ನೆರಳು ನಮ್ಮ ಚಾರ್ಮಾಡಿಯ ಹಾಗೇ ಬೀಳ್ತಿತ್ತು ಮಗಾ. ನಾಳೆ ಎಲ್ಲಿಗೆ ಅಂತ ಕೇಳಿದ್ರೆ ಕಕ್ಕಿಂಜೆಗೆ ಅನ್ನುವುದು. ಸ್ವಲ್ಪ ಹೊತ್ತು ಊರಿಗೇ ಹೋಗ್ತೇವೆ ಅಂತ ಆಗ್ತಿತ್ತು" ಎಂದರು.

ಅದೆಲ್ಲ ಚಂದವೇ. ನಿಜವಾದ ಹೆಸರು ಬರೆಸಿ, ಈಗಲೇ ಕೂತು ಬರೆಸಿ ಎಂದು ನಾನು ದುಂಬಾಲು ಬಿದ್ದೆ. ಮಾವನಿಗೆ ದಾರಿಯೆಲ್ಲ ನೆನಪಿತ್ತು. ಯಾವ ತಿರುವಿನ ನಂತರ ಯಾವ ಹಳ್ಳ, ಎಷ್ಟು ಆಳ ಕಡಿದಾಗ ಆ ಹಲ್ಲೆ ಸಿಕ್ಕಿದ್ದು, ಎಲ್ಲ. ಆದರೆ ಅಷ್ಟರಲ್ಲಿ ಆಟಿ ತಿಂಗಳು ಬಾಗಿಲಿಗೆ ಬಂದಿತ್ತು. ಆಟಿಯೆಂದರೆ ನಮ್ಮಲ್ಲಿ ಕಷ್ಟದ ತಿಂಗಳು, ಮಳೆ ಒಂದೇ ಸಮನೆ ಸುರಿಯುವ ತಿಂಗಳು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸತು ಯಾವುದಕ್ಕೂ ಕೈ ಹಾಕುವಂತಿಲ್ಲ. ಮಾವನಿಗೆ ಇದು ಜೀವನದ ಕೆಲಸ. ಅದನ್ನು ಆಟಿಯಲ್ಲಿ ಶುರು ಮಾಡುವುದುಂಟೇ? "ಆಟಿ ಕಳೀಲಿ. ಸೋಣ ತಿಂಗಳು ಹುಟ್ಟಿದ ದಿನವೇ ಕೂತು ಬರೆಸುವ. ಕಲ್ಲು ಎಲ್ಲಿಗೆ ಓಡಿ ಹೋಗ್ತದೆ?" ಎಂದರು. ಕೋಟಿಗಟ್ಟಲೆ ವರ್ಷ ಕಾದದ್ದು ಒಂದು ತಿಂಗಳು ಕಾಯದೇ ಎಂದು ಅಮ್ಮನೂ ದನಿಗೂಡಿಸಿದರು. ಇಬ್ಬರಿಗೂ ನನ್ನ ಅವಸರ ತಮಾಷೆಯಾಗಿ ಕಂಡಿತು.

ಕಾಲೇಜಿಗೆ ಆ ವರ್ಷ ಒಂದು ತಪಾಸಣಾ ಸಮಿತಿ ಬರುವುದಿತ್ತು. ವಿಭಾಗಕ್ಕೊಂದು ಹೊಸತನ ತೋರಿಸಬೇಕು ಎಂದು ಎಲ್ಲರಿಗೂ ತಲೆಬಿಸಿ. ಮಾವನ ಕಲ್ಲುಗಳ ಸುದ್ದಿ ನಮ್ಮ ವಿಭಾಗದ ಮುಖ್ಯಸ್ಥರ ಕಿವಿಗೂ ಬಿದ್ದು, ಆಟಿಗೆ ಮೊದಲೇ ಒಂದು ಭಾನುವಾರ ಕಾರು ಮಾಡಿಕೊಂಡು ನಮ್ಮ ಮನೆಗೆ ಬಂದರು. ಅಮ್ಮ ನೀರುದೋಸೆ, ಕೋಳಿಸಾರು ಮಾಡಿದರು. ಅವರು ಉಂಡು, ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಇವು ಇರಬೇಕಾದದ್ದು ಕಾಲೇಜಿನಲ್ಲಿ, ಮಕ್ಕಳ ಕಣ್ಣೆದುರಿಗೆ ಎಂದರು. ಮಾವನ ಮುಖ ಅರಳಿತು. ಅವರಿಗೂ ಬೇಕಾಗಿದ್ದದ್ದು ಅದೇ.

ಕೊಡುವ ಮೊದಲು ಮಾವ ಒಂದೇ ಮಾತು ಹೇಳಿದರು. ಅಷ್ಟು ನೇರವಾಗಿ ಅವರು ತಮಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

"ಹೆಸರು ಬೇಡ ಅಂತ ನಾನು ಹೇಳುವುದಿಲ್ಲ ಸರ್. ಬೇಕು. ಮನೆ ಕಟ್ಟಿದೆ, ಅದಕ್ಕೆ ಅಕ್ಕನ ಹೆಸರು. ಮಾಡಿದ ರಸ್ತೆಗೆಲ್ಲ ಕಂಪೆನಿಯ ಹೆಸರು. ಒಂದು ಕಲ್ಲಿನ ಅಡಿಯಲ್ಲಾದ್ರೂ ನನ್ನ ಹೆಸರು ಇರ್ಲಿ."

ಖಂಡಿತ, ಖಂಡಿತ ಎಂದರು ಮುಖ್ಯಸ್ಥರು. ಕಲ್ಲುಗಳನ್ನು ಕಾರಿನ ಡಿಕ್ಕಿಗೆ ಹಾಕುವಾಗ ನಾನು ಜಗಲಿಯಲ್ಲೇ ನಿಂತು ಬಿಡಿಸಿ ಹೇಳಿದೆ. ಕಲ್ಲಿನ ಹಿಂಬದಿಯಲ್ಲಿ ಬರೆದದ್ದು ನಮ್ಮ ಊರುಗಳಲ್ಲ, ಒಮಾನಿನ ಜಾಗಗಳಿಗೆ ಇವರಿಟ್ಟ ಅಡ್ಡಹೆಸರು, ಮಾವ ಸೋಣದಲ್ಲಿ ಬಂದು ನಿಜವಾದ ಹೆಸರು ಬರೆಸುತ್ತಾರೆ, ಅಲ್ಲಿಯವರೆಗೆ ಚೀಟಿ ಹಾಕಬೇಡಿ. ಅವರು ಕನ್ನಡಕ ಒರೆಸಿಕೊಂಡು "ನೋಡುವ ಮೇಡಂ" ಎಂದರು.

ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಈ 'ನೋಡುವ' ಎಂದರೆ ಏನೆಂದು ಗೊತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತು ಅದು. ಇಲ್ಲ ಎನ್ನುವ ಕಷ್ಟ ತಪ್ಪಿಸಿಕೊಳ್ಳುವುದಕ್ಕೇ ಹುಟ್ಟಿಕೊಂಡ ಮಾತು.

ಆಟಿ ಅಮಾವಾಸ್ಯೆಗೆ ನಮ್ಮಲ್ಲಿ ಹಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವ ಕ್ರಮ. ಕೆತ್ತೆಯನ್ನು ಬೆಳಕು ಹರಿಯುವ ಮೊದಲೇ ತರಬೇಕು, ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಎಷ್ಟೋ ವರ್ಷ ಮರುಭೂಮಿಯಲ್ಲಿ ಆಟಿ ಕಳೆದ ಮಾವ ಆ ಸಲ ತಾವೇ ಹೋಗುತ್ತೇನೆ ಎಂದು ಹೊರಟರು. ನಿನ್ನ ಒಮಾನಿನ ಕಲ್ಲು ಒಂದಾದರೂ ಉಳಿದಿದ್ದರೆ ಇವತ್ತು ಪ್ರಯೋಜನಕ್ಕೆ ಬರುತ್ತಿತ್ತು ಎಂದು ಅಮ್ಮ ಕೀಟಲೆ ಮಾಡಿದರು. ಮಾವ ನಗುತ್ತಲೇ ಮಳೆಗಿಳಿದರು. ಕೆತ್ತೆಯನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಅಕ್ಕಾ ಎಂದು ಕರೆಯಲು ಹೋದಾಗ ಬಾಯಿ ಒಂದು ಬದಿಗೆ ಎಳೆದುಕೊಂಡಿತು. ಹಾಗೆಯೇ ಕುಸಿದರು.

ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಆಸ್ಪತ್ರೆಯಲ್ಲಿ ಡಾಕ್ಟರು ಮಾತು ಬಂದರೂ ಬರಬಹುದು ಎಂದರು. ನಾನು ರಜೆ ಹಾಕಿ ಅಮ್ಮನ ಜೊತೆ ಆಸ್ಪತ್ರೆಯಲ್ಲೇ ಕೂತೆ. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಆ ದಿನಗಳಲ್ಲೇ ಕಾಲೇಜಿನಲ್ಲಿ ಕಪಾಟಿನ ಉದ್ಘಾಟನೆ ಆಯಿತು.

ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬಂದಿತ್ತು: 'ಕಕ್ಕಿಂಜೆಯಲ್ಲಿ ಕಡಲಿತ್ತು!' ಮುಖ್ಯಸ್ಥರು ಆ ಹಲ್ಲೆಯನ್ನು ಅಂಗೈಯಲ್ಲಿ ಹಿಡಿದು ನಿಂತ ಫೋಟೋ. ಕಾಲೇಜಿನ ಸಂಶೋಧನೆಗೆ ಸಂದ ಜಯ ಎಂದು ಒಕ್ಕಣೆ, ಕೊಟ್ಟವರು ಎಂದು ಕೊನೆಗೆ ಮಾವನ ಹೆಸರು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತೆ, ಯಾರಿಗೂ ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯೇ ಬರಲಿಲ್ಲ. ಕಕ್ಕಿಂಜೆಯಲ್ಲಿ ಮಳೆಯನ್ನೂ ಲೆಕ್ಕಿಸದೆ ಜನ ಹಳ್ಳದ ಬದಿಯಲ್ಲಿ ಕಲ್ಲು ಹುಡುಕಿದರಂತೆ. ಸಮಿತಿ ಬಂತು, ನೋಡಿತು, ಬೆನ್ನು ತಟ್ಟಿತು, ಹೋಯಿತು.

ಆಮೇಲೆ ಮಂಗಳೂರಿನ ನಿವೃತ್ತ ಭೂವಿಜ್ಞಾನ ಅಧ್ಯಾಪಕರೊಬ್ಬರು ಅದೇ ಪತ್ರಿಕೆಗೆ ಬರೆದರು. ನಮ್ಮ ಘಾಟಿಯ ಬುಡದ ಬಂಡೆ ಭೂಮಿಯ ಒಳಗೆ ಬೆಂದು ಹುಟ್ಟಿದ್ದು, ಇಂಥ ಜೀವಿಗಳು ಹುಟ್ಟುವುದಕ್ಕಿಂತ ಬಹಳ ಹಿಂದಿನದ್ದು. ಮೇಲಿನ ಮುರಕಲ್ಲು ಅದೇ ಬಂಡೆ ಮಳೆಬಿಸಿಲಿಗೆ ಹಣ್ಣಾಗಿ ಆದದ್ದು. ಫೋಟೋದಲ್ಲಿರುವುದು ಸುಣ್ಣದ ಕಲ್ಲು, ಎಲ್ಲಿಂದಲೋ ತಂದದ್ದು, ಯಾರೋ ಯಾರಿಗೋ ಮೋಸ ಮಾಡಿದ್ದಾರೆ. ಒಂದೊಂದು ಅಕ್ಷರವೂ ಸರಿ. ನಾನಾಗಿದ್ದರೂ ಹಾಗೆಯೇ ಬರೆಯುತ್ತಿದ್ದೆ.

ಮರುದಿನ ಮುಖ್ಯಸ್ಥರ ಹೇಳಿಕೆ ಬಂತು. ದಾನಿ ಕೊಟ್ಟ ತಪ್ಪು ಮಾಹಿತಿಯಿಂದ ಗೊಂದಲವಾಗಿದೆ, ಕಾಲೇಜು ಹೊಣೆಯಲ್ಲ. ಪತ್ರಿಕೆಯವರು ಅದಕ್ಕೆ ಕೊಟ್ಟ ತಲೆಬರಹ: 'ಗಲ್ಫ್ ಚಾಲಕನಿಂದ ವಂಚನೆ?' ಆ ಪ್ರಶ್ನೆಚಿಹ್ನೆ ಒಂದೇ ಅವರು ಮಾವನಿಗೆ ತೋರಿಸಿದ ದಯೆ.

ನಾನು ನೇರ ಸ್ಟಾಫ್ ರೂಮಿಗೆ ಹೋದೆ. ನಾನು ನಿಮಗೆ ಹೇಳಿದ್ದೆ, ನಮ್ಮ ಮನೆಯ ಊಟ ಮಾಡಿ ಜಗಲಿಯಲ್ಲಿ ನಿಂತಿದ್ದಾಗ ಹೇಳಿದ್ದೆ ಎಂದೆ. ಅವರು ಸಿಟ್ಟಾಗಲಿಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು.

"ಹೇಳಿದ್ದೀರಿ, ಇಲ್ಲ ಅನ್ನುವುದಿಲ್ಲ. ಆದ್ರೆ ಕಕ್ಕಿಂಜೆ ಅಂತ ಬರೆದದ್ದು ನಿಮ್ಮ ಮಾವನ ಕೈ ಅಲ್ಲವಾ? ಕಲ್ಲಿನಲ್ಲೇ ಉಂಟು. ನಾನು ಒಂದಕ್ಷರ ಸೇರಿಸ್ಲಿಲ್ಲ."

"ಬೆಳ್ತಂಗಡಿ ತಾಲೂಕು ಅಂತ ಸೇರಿಸಿದ್ದು ಯಾರು ಸರ್?"

"ಕಕ್ಕಿಂಜೆ ಮತ್ತೆ ಯಾವ ತಾಲೂಕಿನಲ್ಲಿ ಉಂಟು ಮೇಡಂ?"

ಸುತ್ತ ಕೂತವರು ಉತ್ತರ ಪತ್ರಿಕೆ ತಿದ್ದುವುದರಲ್ಲಿ ಮುಳುಗಿಹೋಗಿದ್ದರು. ಎಲ್ಲರಿಗೂ ಕಿವಿ ಇತ್ತು, ಯಾರಿಗೂ ಬಾಯಿ ಇರಲಿಲ್ಲ. ನಾನು ಅತಿಥಿ ಉಪನ್ಯಾಸಕಿ, ಮುಂದಿನ ಜೂನಿಗೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕರೆಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಮಾವನನ್ನು ಮನೆಗೆ ಕರೆತಂದ ಮೇಲೆ ಪತ್ರಿಕೆಯನ್ನು ಅಮ್ಮ ಅಕ್ಕಿ ಡಬ್ಬದ ಹಿಂದೆ ಅಡಗಿಸಿದರು. ಆದರೆ ನೋಡಲು ಬಂದ ನೆಂಟರಿಗೆ ಬುದ್ಧಿ ಬೇಕಲ್ಲ. ಒಬ್ಬರು ಜೇಬಿನಿಂದಲೇ ತೆಗೆದು, ಶೀನಾ, ನಿನ್ನ ಬಗ್ಗೆ ಬಂದಿದೆ ಮಾರಾಯ ಎಂದು ಗಟ್ಟಿಯಾಗಿ ಓದಿದರು, ಕಿವಿಯೂ ಕೇಳದವರಿಗೆ ಓದುವ ಹಾಗೆ. ಮಾವನಿಗೆ ಮಾತು ಮಾತ್ರ ಹೋಗಿತ್ತು. ಬೇರೆಲ್ಲ ಇತ್ತು. ಎಡಗೈಯಿಂದ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು. ಆ ದಿನ ಗಂಜಿ ಮುಟ್ಟಲಿಲ್ಲ. ನನಗೆ ಆ ನೆಂಟರ ಮೇಲೆ ಈಗಲೂ ಸಿಟ್ಟಿದೆ. ಅವರ ಮನೆಯ ಯಾವ ಮದುವೆಗೂ ನಾನು ಹೋಗಿಲ್ಲ.

ಪೇಟೆಯಲ್ಲಿ ಮಾವನಿಗೆ ಹೊಸ ಹೆಸರು ಬಿದ್ದಿತ್ತು, ಕಕ್ಕಿಂಜೆ ಶೀನ. ನಾನು ಪತ್ರಿಕೆಯ ವರದಿಗಾರರನ್ನು ಹುಡುಕಿಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಾಪದ ಹುಡುಗ, ಕೇಳಿಸಿಕೊಂಡ. ಒಮಾನ್ ಎಂದಷ್ಟೇ ಹಾಕಿದರೆ ಯಾರೂ ನಂಬುವುದಿಲ್ಲ, ಜಾಗದ ಸರಿಯಾದ ಹೆಸರು ಕೊಡಿ, ದೊಡ್ಡದಾಗಿ ಹಾಕುವ ಎಂದ. ದೂರದ ವಿಜ್ಞಾನಿಯೂ ಅದನ್ನೇ ಕೇಳಿದ್ದು. ಮಾವನ ಮಾನವೂ ಆ ಹಲ್ಲೆಯ ಬೆಲೆಯೂ ಈಗ ಒಂದೇ ಹೆಸರಿಗೆ ನೇತುಬಿದ್ದಿದ್ದವು. ಕಂಪೆನಿಗೆ ಬರೆದು ಕೇಳಿದರೆ ಕಂಪೆನಿಯೇ ಮುಚ್ಚಿಹೋಗಿತ್ತು.

ಹಮೀದಾಕನನ್ನು ಬಂಟ್ವಾಳದಲ್ಲಿ ಪತ್ತೆ ಮಾಡಿ ಮನೆಗೆ ಕರೆಸಿದೆ. ಅವರು ಮಾವನ ಹಾಸಿಗೆಯ ಪಕ್ಕ ಕೂತು, ಸೋತ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅತ್ತರು. ನಾನು ಕೇಳಿದ್ದಕ್ಕೆ ತಲೆಯಾಡಿಸಿದರು.

"ನಾನು ಅಡುಗೆ ವ್ಯಾನಿನಲ್ಲಿ ಹಿಂದಿನಿಂದ ಬರುವವ ಮಗಳೇ. ಗುಡ್ಡ ನೆನಪುಂಟು, ಅಲ್ಲಿಯ ನೀರಿನ ಉಪ್ಪು ನೆನಪುಂಟು. ಹೆಸರು ನಮಗೆ ಕಕ್ಕಿಂಜೆಯೇ. ಅರಬಿ ಹೆಸರು ಗೊತ್ತಿದ್ದದ್ದು ಶೀನನಿಗೆ ಒಬ್ಬನಿಗೆ."

ಇನ್ನು ಉಳಿದದ್ದು ಮಾವ ಒಬ್ಬರೇ. ಅಷ್ಟರಲ್ಲಿ ಸೋಣ ಹುಟ್ಟಿತ್ತು. ಹೊಸಿಲಿಗೆ ಹೂವಿಟ್ಟು ಅಮ್ಮ ಒಳಗೆ ಬಂದ ಒಂದು ಬೆಳಿಗ್ಗೆ, ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಮಾವನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಮೊಬೈಲಿನಲ್ಲಿ ಒಮಾನಿನ ನಕ್ಷೆ ತೆಗೆದು, ದೊಡ್ಡದು ಮಾಡಿ ಅವರ ಎದುರು ಹಿಡಿದೆ. ಮಾವ, ಆ ಚೆಲ್ಲಾಪಿಲ್ಲಿಯ ಹಲ್ಲೆ ಸಿಕ್ಕಿದ ಜಾಗ ತೋರಿಸಿ, ಬೆರಳಿಟ್ಟರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ.

ಅವರಿಗೆ ಅರ್ಥವಾಯಿತು. ಕಣ್ಣು ಹೊಳೆಯಿತು. ಎಡಗೈಯ ತೋರುಬೆರಳನ್ನು ಕಷ್ಟಪಟ್ಟು ಎತ್ತಿ ಗಾಜಿನ ಮೇಲೆ ಇಟ್ಟರು. ಬೆರಳು ಅಲ್ಲಿ ನಿಲ್ಲಲಿಲ್ಲ. ಮೆಲ್ಲಗೆ ಎಳೆಯತೊಡಗಿತು, ಬೆರಳಿನ ಜೊತೆ ನಕ್ಷೆಯೂ ಸರಿಯಿತು. ಮಸ್ಕತ್ತಿನ ದಂಡೆ ಹೋಯಿತು. ಬರೀ ನೀಲಿ ಕಡಲು. ಮಾವ ಬೆರಳೆತ್ತಿ ಮತ್ತೆ ಇಟ್ಟು ಮತ್ತೆ ಎಳೆದರು. ಮತ್ತೂ ಕಡಲು. ಹಣೆಯಲ್ಲಿ ಬೆವರು ಒಡೆಯಿತು, ಬಿಡಲಿಲ್ಲ. ಕಡೆಗೆ ನಮ್ಮ ಕರಾವಳಿ ಬಂತು, ಮಂಗಳೂರು ಬಂತು, ನೇತ್ರಾವತಿಯ ಗೆರೆ ಬಂತು, ಘಾಟಿಯ ಹಸಿರು ಬಂತು. ಅದರ ಬುಡದಲ್ಲಿ ಬೆರಳು ಊರಿದರು. ಬಾಯಿ ಸೊಟ್ಟಗೆ ತೆರೆಯಿತು.

"ಕಕ್ಕಿಂಜೆ" ಎಂದರು. ಸ್ಪಷ್ಟವಾಗಿ.

ಬಿದ್ದ ದಿನದಿಂದ ಅವರ ಬಾಯಲ್ಲಿ ಬಂದ ಮೊದಲ ಮಾತು ಅದು. ಅಮ್ಮ ಕೈಯಲ್ಲಿದ್ದ ಹೂವಿನ ತಟ್ಟೆಯನ್ನೂ ಕೆಳಗಿಡದೆ, ಶೀನ ಮಾತಾಡಿದ, ನನ್ನ ತಮ್ಮ ಮಾತಾಡಿದ ಎಂದು ಅಳುತ್ತಾ ನಗುತ್ತಾ ಪಕ್ಕದ ಮನೆಗೆ ಓಡಿದರು. ಮಾವ ನನ್ನನ್ನೇ ನೋಡುತ್ತಿದ್ದರು, ಸರಿ ಉತ್ತರ ಹೇಳಿದ ಮಗುವಿನ ಮುಖ ಮಾಡಿಕೊಂಡು. ಅವರ ತಲೆಯೊಳಗೆ ಎರಡು ಕಕ್ಕಿಂಜೆಗಳೂ ಒಂದಾಗಿಹೋಗಿದ್ದವು, ನಡುವಿನ ಕಡಲೇ ಇರಲಿಲ್ಲ. ಹೌದು ಮಾವ, ಸರಿಯಾಗಿ ಹೇಳಿದಿರಿ ಎಂದೆ. ಮತ್ತೇನು ಹೇಳಲಿ? ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯಲ್ಲಿ ಕೂತು ಅಮ್ಮನಿಗೆ ಕೇಳದ ಹಾಗೆ ಅತ್ತೆ.

ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸ್ಪಷ್ಟನೆ ಬಂತು, ಒಳಪುಟದಲ್ಲಿ, ಕರೆಂಟು ಹೋಗುವ ಊರುಗಳ ಪ್ರಕಟಣೆಯ ಕೆಳಗೆ. ಅದನ್ನು ಓದಿದೆ ಎಂದವರು ನನಗೆ ಒಬ್ಬರೂ ಸಿಗಲಿಲ್ಲ. ಮಾವ ದೀಪಾವಳಿ ಕಳೆದ ಮೇಲೆ ತೀರಿಕೊಂಡರು. ಆ ಒಂದು ಮಾತಲ್ಲದೆ ಬೇರೆ ಮಾತು ಕಡೆಯವರೆಗೂ ಬರಲಿಲ್ಲ. ಬಾಯಾರಿದರೂ ಕಕ್ಕಿಂಜೆ, ಮಗ್ಗುಲು ಬದಲಿಸಬೇಕಾದರೂ ಕಕ್ಕಿಂಜೆ. ಅಮ್ಮನಿಗೆ ಯಾವ ಕಕ್ಕಿಂಜೆಗೆ ನೀರು, ಯಾವ ಕಕ್ಕಿಂಜೆಗೆ ಗಂಜಿ ಎಂದು ದನಿಯಿಂದಲೇ ತಿಳಿಯುತ್ತಿತ್ತು.

ಹೂವಿನ ಕಲ್ಲುಗಳೆಲ್ಲ ಕಾಲೇಜಿನಲ್ಲಿ ಎಲ್ಲಿ ಹೋದವೋ ತಿಳಿಯದು. ಆಗಿನ ಮುಖ್ಯಸ್ಥರು ಸನ್ಮಾನ ಮಾಡಿಸಿಕೊಂಡು ನಿವೃತ್ತರಾದರು. ಉಳಿದದ್ದು ಚಂದವಿಲ್ಲದ ಆ ಹಲ್ಲೆ ಮತ್ತು ಬಿಳಿ ಪಟ್ಟಿ ಅಂಟಿಸಿದ ಆ ಚೀಟಿ. ಗಲಾಟೆ ತಣ್ಣಗಾದ ಮೇಲೆ ಊರಿನ ಹೆಸರು ಮತ್ತೆ ಯಾರ ಕಣ್ಣಿಗೂ ಚುಚ್ಚಲಿಲ್ಲ.

ಕಳೆದ ತಿಂಗಳ ಪರೀಕ್ಷೆಯಲ್ಲಿ ವೈವಾಕ್ಕೆ ಬಂದ ಒಬ್ಬಳು ಹುಡುಗಿ, ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತಳು. ಮೊದಲ ಕಾಲದ ಮುಳ್ಳುಚೆಂಡುಗಳು ಇಡಿಯಾಗಿ ಯಾಕೆ ಸಿಗುವುದಿಲ್ಲ ಎಂದು ಕೇಳಿದೆ. ತಡವರಿಸದೆ ಹೇಳಿದಳು. ಬಿಲ್ಲೆಗಳು ಸಡಿಲ, ಸತ್ತ ಮೇಲೆ ಚೆದುರುತ್ತವೆ, ಮಹಾಮರಣದ ಈಚೆ ಒಂದೆರಡು ವಂಶ ಮಾತ್ರ ಉಳಿದವು. ಚೆನ್ನಾಗಿ ಓದಿದ್ದಳು. ನಾನು ಕೇಳದೆಯೇ ಮುಂದುವರಿಸಿದಳು.

"ನಮ್ಮಲ್ಲೇ ಒಂದು ಉಂಟು ಮ್ಯಾಮ್, ಹೊರಗೆ ಕಪಾಟಿನಲ್ಲಿ. ನಮ್ಮ ಊರಿನದ್ದೇ. ನನ್ನ ಮನೆ ಕಕ್ಕಿಂಜೆ."

ಅವಳ ಮುಖದಲ್ಲಿ ಹೆಮ್ಮೆ ಇತ್ತು. ನಾನು ಪೆನ್ನು ಕೆಳಗಿಟ್ಟೆ. ಅದು ಕಕ್ಕಿಂಜೆಯದ್ದಲ್ಲ ಎಂದೆ, ಅಂದುಕೊಂಡದ್ದಕ್ಕಿಂತ ಗಡುಸಾಗಿ.

"ಮತ್ತೆ ಎಲ್ಲಿಯದ್ದು ಮ್ಯಾಮ್?"

ನನಗೆ ಗೊತ್ತಿಲ್ಲ ಎಂದೆ. ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆದರೆ ಅದನ್ನು ತಂದವರು ಯಾರೆಂದು ಗೊತ್ತಿದೆ, ಶ್ರೀನಿವಾಸ ಅಂತ, ಎಲ್ಲರೂ ಶೀನ ಅಂತ ಕರೆಯುತ್ತಿದ್ದರು, ಚೀಟಿಯಲ್ಲಿ ಬಿಳಿ ಪಟ್ಟಿಯ ಅಡಿಯಲ್ಲಿ ಅವರ ಹೆಸರಿದೆ ಎಂದೆ. ಹುಡುಗಿ ಗೌರವದಿಂದ ತಲೆಯಾಡಿಸಿದಳು. ಪರೀಕ್ಷಕರಿಗೆ ಬೇಸರವಾಗಬಾರದಲ್ಲ, ಏನಾದರೂ ಕೇಳಬೇಕು ಎಂದು ಕೇಳಿದಳು.

"ಅವರು ಕಕ್ಕಿಂಜೆಯವರಾ ಮ್ಯಾಮ್?"

ನಾನು ಅಂಕದ ಹಾಳೆಯನ್ನು ಹತ್ತಿರ ಎಳೆದುಕೊಂಡೆ. ಅವಳ ಹೆಸರಿನ ಎದುರು ಅಂಕ ಬರೆಯುತ್ತಾ, ಹೌದು ಎಂದೆ.